ಕರಿಗಿರಿಯಿಂದ ಕುದೂರಿನ ಆಲದ ಸಾಲಿಗೆ

ಚಾರಣದ ಬಗ್ಗೆ ಬರೆಯುವ ನಮ್ಮ ಬ್ಲಾಗ್ ಗೆಳೆಯರೆಲ್ಲ ಕುಮಾರಪರ್ವತ, ಕೊಡಚಾದ್ರಿ, ಮುಳ್ಳಯ್ಯನಗಿರಿ ಅಂತ ಘಟ್ಟದ ಕಡೆಗೇ ಮುಖ ಮಾಡುತ್ತಾರೆ. ಜಿಗಣೆ ಕಚ್ಚಿಸಿಕೊಳ್ಳದೆ, ಮಂಜಿನಲ್ಲಿ ದಾರಿ ತಪ್ಪದೆ ಬಂದರೆ ಅದು ಚಾರಣವೇ ಅಲ್ಲ ಅನ್ನೋ ಹಾಗೆ :) ತುಮಕೂರು ಅಂದರೆ ಅವರಿಗೆ ರಾತ್ರಿ ಬಸ್ಸು ದಾಟಿ ಹೋಗುವ ಊರು. ಬಹಳ ಆಯ್ತು ಅಂದರೆ ಕ್ಯಾತ್ಸಂದ್ರದಲ್ಲಿ ಇಳಿದು ಒಂದು ತಟ್ಟೆ ಇಡ್ಲಿ.

ಮಂಡಿ ನೋವಿರುವವರು, ಮಕ್ಕಳನ್ನು ಕರೆದುಕೊಂಡು ಹೋಗುವವರು, ಬೆಳಿಗ್ಗೆ ಹೊರಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕಾದವರು, ಇಂಥವರಿಗೆ ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಮುತ್ತಲಿನ ಗುಡ್ಡಗಳಷ್ಟು ಅನುಕೂಲದ ಜಾಗ ಬೇರೆ ಇಲ್ಲ. ದಾರಿಯಲ್ಲಿ ಬೃಹದಾಕಾರದ ಮರಗಳೂ ಸಿಗುತ್ತವೆ. ಆದರೆ ಇಲ್ಲಿ ಬರೆಯಹೊರಟಿರುವುದು "ಎಷ್ಟು ಕಿಲೋಮೀಟರ್, ಎಲ್ಲಿ ಪಾರ್ಕಿಂಗ್" ಅನ್ನುವ ವಿಷಯ ಅಲ್ಲ. ಈ ಗುಡ್ಡಗಳಲ್ಲಿ ನಡೆಯುತ್ತಾ ನಡೆಯುತ್ತಾ ನನಗೆ ಹತ್ತಿದ ಹುಳ ಬೇರೆ. ಈ ನೋಟವನ್ನು, ಈ ನೆರಳನ್ನು ಮಾಡಿಟ್ಟವರು ಯಾರು? ಗುಡ್ಡ ದೇವರು ಇಟ್ಟದ್ದು ಅಂತ ಬಿಟ್ಟುಬಿಡೋಣ. ಗುಡ್ಡದ ಹೆಸರು, ಕಾಡು, ಕೆರೆ, ರಸ್ತೆ, ರಸ್ತೆ ಬದಿಯ ಮರ.. ಇವಕ್ಕೆಲ್ಲ ಒಬ್ಬೊಬ್ಬ ಕರ್ತೃ ಇದ್ದಾನೆ ಅಥವಾ ಇದ್ದಾಳೆ.

ಮೊದಲು ದೇವರಾಯನದುರ್ಗ. ತುಮಕೂರಿನಿಂದ 15 ಕಿಲೋಮೀಟರ್ ಆಸುಪಾಸು. ಎತ್ತರ ಸುಮಾರು 1,200 ಮೀಟರ್, ಹಳೆಯ ಲೆಕ್ಕದಲ್ಲಿ 3,940 ಅಡಿ. ಬೆಟ್ಟದ ಕೆಳಗಿನ ಊರಿನಲ್ಲಿ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಮಧ್ಯದವರೆಗೆ ಡಾಂಬರು ರಸ್ತೆ ಇದೆ. ಆಮೇಲೆ ಮೆಟ್ಟಿಲು. ಚಿಕ್ಕ ಮಕ್ಕಳೂ ಹತ್ತುತ್ತಾರೆ.

ಈ ಬೆಟ್ಟಕ್ಕೆ ಇರುವಷ್ಟು ಹೆಸರು ಯಾವ ಬೆಟ್ಟಕ್ಕೂ ಇಲ್ಲವೇನೋ! ಪುರಾಣದವರಿಗೆ ಇದು ಕರಿಗಿರಿ, ಆನೆ ಮಲಗಿದ ಹಾಗೆ ಕಾಣುತ್ತದೆ ಅಂತ. ಊರವರ ಬಾಯಲ್ಲಿ ಮೊದಲು ಇದ್ದದ್ದು ಆನೆಬಿದ್ದಸರಿ. ಇಲ್ಲಿಯೂ ಆನೆಯೇ, ಆದರೆ ಪುರಾಣದ ಆನೆಯಲ್ಲ, ಕಡಿದಾದ ಜಾಗದಿಂದ ಕೆಳಗೆ ಬಿದ್ದು ಸತ್ತ ನಿಜದ ಆನೆ. ಆಮೇಲೆ ಜಡಕ ಎಂಬ ಪಾಳೆಯಗಾರ ಇದನ್ನು ಹಿಡಿದ ಮೇಲೆ ಜಡಕನದುರ್ಗ. 1696ರ ಸುಮಾರಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ್ ಇದನ್ನು ಗೆದ್ದುಕೊಂಡ ಮೇಲೆ ದೇವರಾಯನದುರ್ಗ. ಬಹಳ ಜನ ವಿಜಯನಗರದ ದೇವರಾಯನ ಹೆಸರು ಅಂದುಕೊಳ್ಳುತ್ತಾರೆ, ಅಲ್ಲ. ಮೈಸೂರಿನ ರಾಜ ಒಂದೊಂದೇ ಪಾಳೆಯಪಟ್ಟನ್ನು ನುಂಗುತ್ತಾ ಉತ್ತರಕ್ಕೆ ಬಂದಾಗ ಬಿದ್ದ ಮುದ್ರೆ ಅದು.

ನನಗೆ ಇವುಗಳಲ್ಲಿ ಇಷ್ಟವಾದದ್ದು ಆನೆಬಿದ್ದಸರಿಯೇ. ಉಳಿದ ಮೂರು ಹೆಸರುಗಳಲ್ಲಿ ಯಾರೋ ಒಬ್ಬರ ಹಕ್ಕು ಸಾಧನೆ ಇದೆ, ದೇವರದ್ದೋ, ಪಾಳೆಯಗಾರನದ್ದೋ, ರಾಜನದ್ದೋ. ಇದೊಂದರಲ್ಲಿ ಮಾತ್ರ ಒಂದು ಪಾಪದ ಪ್ರಾಣಿಯ ಸುದ್ದಿ ಇದೆ. ಈ ಕಾಡಿನಲ್ಲಿ ಆನೆ ಓಡಾಡುತ್ತಿತ್ತು ಅನ್ನುವ ಸುದ್ದಿ ಕೂಡ. ಹೆಸರಿನೊಳಗೆ ಒಂದು ಕಾಡು ಅಡಗಿ ಕೂತಿದೆ ನೋಡಿ. ಈಗ ಇಲ್ಲಿ ಚಿರತೆ, ಕರಡಿ ಇವೆ. ಆನೆ ಹೆಸರಿನಲ್ಲಿ ಮಾತ್ರ.

ಬೆಟ್ಟದ ತುದಿಯಲ್ಲಿ ನಿಂತಾಗ ಕಣ್ಣಿಗೆ ಕಾಣದ ಒಂದು ವಿಷಯ ಇದೆ, ಅದು ಗೊತ್ತಾದ ಮೇಲೆ ಆ ಜಾಗ ನನಗೆ ಬೇರೆಯೇ ಆಗಿಬಿಟ್ಟಿತು. ಈ ಬೆಟ್ಟದ ಸಾಲು ಎರಡು ನದಿಗಳ ನೆತ್ತಿ. ಇಲ್ಲಿ ಜಯಾ, ಮಂಗಳಿ ಎಂಬ ಎರಡು ತೊರೆ ಹುಟ್ಟಿ, ಕೆಳಗೆ ಕಣಿವೆಯಲ್ಲಿ ಕೂಡಿ ಜಯಮಂಗಲಿ ಆಗುತ್ತದೆ. ಅದು ಉತ್ತರಕ್ಕೆ ಹರಿದು ಕೊರಟಗೆರೆ, ಮಧುಗಿರಿ ಸೀಮೆ ದಾಟಿ, ಹಿಂದೂಪುರದ ಹತ್ತಿರ ಉತ್ತರ ಪಿನಾಕಿನಿ ಸೇರಿ, ಕೊನೆಗೆ ಆಂಧ್ರದ ನೆಲ್ಲೂರಿನ ಕಡೆ ಸಮುದ್ರಕ್ಕೆ. ಇದೇ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಶಿಂಷಾ ಹುಟ್ಟುತ್ತದೆ. ಅದು ಗುಬ್ಬಿ, ತುರುವೇಕೆರೆ, ಕುಣಿಗಲ್ ತಾಲ್ಲೂಕು ದಾಟಿ, ಮದ್ದೂರಿನ ಮೇಲೆ ಹಾಯ್ದು, ಒಟ್ಟು 221 ಕಿಲೋಮೀಟರ್ ಹರಿದು ಕಾವೇರಿಗೆ. ಅಂದರೆ ದೇವಸ್ಥಾನದ ಮಾಡಿನ ಈ ಕಡೆ ಬಿದ್ದ ಹನಿ ತಮಿಳುನಾಡಿಗೆ, ಆ ಕಡೆ ಬಿದ್ದದ್ದು ಆಂಧ್ರಕ್ಕೆ. (ದಾರಿಯಲ್ಲಿ ಯಾವ ಕೆರೆಯೂ ಹಿಡಿದುಕೊಳ್ಳದಿದ್ದರೆ! ನಮ್ಮ ಬಯಲುಸೀಮೆಯ ಕೆರೆಗಳು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.)

ತಪ್ಪಲಿನಲ್ಲಿ ನಾಮದ ಚಿಲುಮೆ. ವನವಾಸದಲ್ಲಿದ್ದ ರಾಮನಿಗೆ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ, ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು ಅಂತ ಕಥೆ. ಬಂಡೆಯಲ್ಲಿ ಒಂದು ಕೈ ಹಿಡಿಸುವಷ್ಟು ತೂತು, ಒಳಗೆ ನೀರು. ಭಾನುವಾರ ಹೋದರೆ ಅದರ ಮುಂದೆ ಸಾಲು ಇರುತ್ತದೆ. ಪಕ್ಕದಲ್ಲಿ ಜಿಂಕೆ ವನ. ಎಲ್ಲರೂ ಅಷ್ಟು ನೋಡಿ ವಾಪಸು ಹೋಗುತ್ತಾರೆ. ಇಲ್ಲೇ, 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿ ಬಿಡಾರ ಹೂಡಿದ್ದರು ಅನ್ನುವುದನ್ನು ನೆನೆಸಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತು ನೋಡಿ. ಈ ಬೆಟ್ಟಸಾಲಿನ ನಿಜವಾದ ನಿವಾಸಿ ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲು ಕಾಡು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಕುರುಚಲು ಅಂತ ನಾವು ಮೂಗು ಮುರಿಯುವ ಕಾಡೇ ಅದಕ್ಕೆ ಬೇಕು. ಅರಣ್ಯ ಅಂದರೆ ದಟ್ಟ ಹಸಿರು ಅಂತ ತಿಳಿದು ಬರುವವರಿಗೆ ಇಲ್ಲಿನ ಎಲೆ ಉದುರಿದ ಮಾರ್ಚ್ ತಿಂಗಳು ನಿರಾಸೆ ತರಬಹುದು. ನನಗಂತೂ ಮುತ್ತುಗ ಕೆಂಪಗೆ ಉರಿಯುವ ಆ ತಿಂಗಳೇ ಇಷ್ಟ.

ಗುಡ್ಡಕ್ಕೆ "ಹವಾ ತಿನ್ನಲು" ಹೋಗುವ ಚಾಳಿ ನಮ್ಮದಲ್ಲ, ಬ್ರಿಟಿಷರದ್ದು. ತುಮಕೂರಿನ ದೊರೆಗಳು ಬೇಸಿಗೆಯಲ್ಲಿ ಈ ಬೆಟ್ಟದ ಮೇಲೆ ಬಂಗಲೆ ಕಟ್ಟಿಕೊಂಡು ಇರುತ್ತಿದ್ದರು. ನಮ್ಮವರು ಬೆಟ್ಟ ಹತ್ತುತ್ತಿದ್ದದ್ದು ದೇವರಿಗೆ, ದನಕ್ಕೆ, ಸೌದೆಗೆ, ಇಲ್ಲಾ ಯುದ್ಧಕ್ಕೆ. ಆ ದೊರೆಗಳಲ್ಲಿ ಒಬ್ಬ ಡಾಬ್ಸ್. ಕಬ್ಬನ್ ಕಮಿಷನರ್ ಆಗಿದ್ದ ಕಾಲದಲ್ಲಿ (1834ರಿಂದ 1861) ತುಮಕೂರಿನಲ್ಲಿ ಕೂತು ಚಿತ್ರದುರ್ಗ ವಿಭಾಗದ ಆಡಳಿತ ನೋಡಿಕೊಂಡವನು. ಬೆಂಗಳೂರು-ತುಮಕೂರು ರಸ್ತೆಯಲ್ಲಿ ನಾವೆಲ್ಲ "ದಾಬಸ್‌ಪೇಟೆ" ಅನ್ನುತ್ತೇವಲ್ಲ, ಅದು ಇವನ ಹೆಸರೇ. ಕಂಡಕ್ಟರ್ ಬಾಯಲ್ಲಿ ದಿನಕ್ಕೆ ನೂರು ಸಲ ಉಳಿದಿರುವ ಹೆಸರು, ಆದರೆ ಅವನು ಯಾರು ಅಂತ ಕೇಳಿದರೆ ಬಸ್ಸಿನಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಜಡಕನಿಗೆ ಆದದ್ದೇ ಇವನಿಗೂ!

ಇನ್ನು ಶಿಂಷೆಯ ಹಿಂದೆ ಹೋಗೋಣ. ಗುಬ್ಬಿ ಅಂದ ಕೂಡಲೇ ನಮಗೆ ನೆನಪಾಗುವುದು ಗುಬ್ಬಿ ವೀರಣ್ಣ, ಕಂಪನಿ ನಾಟಕ. ಅದಕ್ಕೂ ಮೊದಲು ಅದು ಸಂತೆಯ ಊರು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈ ದೇಶವನ್ನೆಲ್ಲ ಸುತ್ತಿ ಲೆಕ್ಕ ಬರೆದ ಫ್ರಾನ್ಸಿಸ್ ಬುಕನನ್ ಇದನ್ನು ವ್ಯಾಪಾರದ ಊರಾಗಿಯೇ ಕಂಡ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಶಿಂಷೆಗೆ ಅಡ್ಡ ಕಟ್ಟಿದ ದೊಡ್ಡ ಕೆರೆ ಇದೆ. ಲಂಕೆಯಿಂದ ವಾಪಸು ಬರುವಾಗ ಸೀತೆಗೆ ಈ ಜಾಗ ಇಷ್ಟವಾಯಿತಂತೆ, ಅವಳು ಕೇಳಿದಳೆಂದು ರಾಮನೇ ಏರಿ ಹಾಕಿಸಿದನಂತೆ. ಚಿಲುಮೆಯಲ್ಲಿ ಬಾಣದಿಂದ ನೀರು ತೆಗೆದ ರಾಮನೇ ಇಲ್ಲಿ ಕೆರೆ ಕಟ್ಟಿಸುತ್ತಾನೆ. ನೀರಿಲ್ಲದ ಸೀಮೆಯಲ್ಲಿ ದೇವರಿಗೂ ನೀರಿನದೇ ಕೆಲಸ! ಕೆರೆಯ ಏರಿ ಮೇಲೆ ನಡೆಯುವುದೂ ಒಂದು ಚಾರಣವೇ ಸ್ವಾಮಿ, ಸಂಜೆ ಹೊತ್ತಿಗೆ ಹೋಗಿ. ಅಲ್ಲಿಂದ ಕೆಳಗೆ ಕುಣಿಗಲ್ ತಾಲ್ಲೂಕಿನಲ್ಲಿ ಇದೇ ಶಿಂಷೆಗೆ ಮಾರ್ಕೋನಹಳ್ಳಿ ಜಲಾಶಯ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. ನೀರು ಒಂದು ಮಟ್ಟಕ್ಕೆ ಬಂದರೆ ತಾನೇ ಎಳೆದುಕೊಂಡು ಹೊರಗೆ ಹಾಕುವ ಸೈಫನ್ ವ್ಯವಸ್ಥೆ ಇದರ ವಿಶೇಷ.

ಇಷ್ಟೆಲ್ಲ ಇದ್ದೂ ತುಮಕೂರು ಕುಡಿಯುವುದು ಶಿಂಷೆಯ ನೀರಲ್ಲ, ಜಯಮಂಗಲಿಯದೂ ಅಲ್ಲ. ಗೊರೂರಿನ ಹೇಮಾವತಿ ನೀರು ಕಾಲುವೆಯಲ್ಲಿ ಬಂದು ಬುಗುಡನಹಳ್ಳಿ ಕೆರೆ ತುಂಬಿದರೆ ಊರಿಗೆ ನೀರು. 2024 ಮತ್ತು 2025ರಲ್ಲಿ ಆ ಹೇಮಾವತಿಯನ್ನು ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಕೆನಾಲಿನ ವಿಷಯಕ್ಕೆ ಗುಬ್ಬಿ, ತುಮಕೂರು ಭಾಗದ ರೈತರು ಬೀದಿಗೆ ಇಳಿದರು. ಕುಣಿಗಲ್ಲಿನವರು ನಮ್ಮ ಪಾಲು ನಮಗೆ ಕೊಡಿ ಅಂದರು. ಒಂದೇ ಜಿಲ್ಲೆ, ಒಂದೇ ಬೆಟ್ಟದಿಂದ ಇಳಿದ ನದಿಯ ಎರಡು ತಾಲ್ಲೂಕು, ಜಗಳ ಮೂರನೆಯ ನದಿಗೆ. ಯಾರು ಸರಿ ಅಂತ ತೀರ್ಪು ಕೊಡುವಷ್ಟು ನಾನು ದೊಡ್ಡವನಲ್ಲ. ಬೆಟ್ಟದ ಮೇಲೆ ಕಾಡು ತೆಳ್ಳಗಾದರೆ ಕೆಳಗೆ ತೊರೆ ಒಣಗುತ್ತದೆ ಅನ್ನುವುದಕ್ಕೆ ಮಾತ್ರ ಇಂಜಿನಿಯರ್ ಆಗಬೇಕಾಗಿಲ್ಲ.

ಕಾಡು ತೆಳ್ಳಗಾದದ್ದು ಯಾವಾಗ ಅಂತ ಕೇಳಿದರೆ, ಒಂದು ಉತ್ತರ ಕುಣಿಗಲ್ ಕಡೆಯ ದುರ್ಗಗಳಲ್ಲಿ ಸಿಗುತ್ತದೆ.

ಕುಣಿಗಲ್ ತಾಲ್ಲೂಕಿನಲ್ಲಿ ಎರಡು ದುರ್ಗ, ಹುತ್ರಿದುರ್ಗ ಮತ್ತು ಹುಲಿಯೂರುದುರ್ಗ. ಎರಡೂ ಮಾಗಡಿ ಕೆಂಪೇಗೌಡರ ವಂಶದವರ ಕೋಟೆಗಳು. ಕುದೂರಿನ ಹತ್ತಿರದ ಭೈರವನದುರ್ಗವೂ ಹಾಗೇ. 1728ರಲ್ಲಿ ಮಾಗಡಿ ಮೈಸೂರಿನ ವಶವಾಗಿ, ಕೊನೆಯ ಕೆಂಪೇಗೌಡ ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡ. ಸಂತೆಪೇಟೆ ಎಂಬ ಹಳ್ಳಿಯಿಂದ ಹುತ್ರಿದುರ್ಗ ಹತ್ತಬಹುದು. ಬಾಗಿಲ ಮೇಲೆ ಬಾಗಿಲು, ಬಂಡೆಗೇ ಹೊಂದಿಸಿ ಕಟ್ಟಿದ ಕಲ್ಲಿನ ಗೋಡೆ, ತುದಿಯಲ್ಲಿ ಶಂಕರೇಶ್ವರನ ಪುಟ್ಟ ಗುಡಿ. ಬಿಸಿಲು ಏರುವ ಮೊದಲು ಹೊರಟರೆ ಸುಲಭ. ಮೇಲೆ ನಿಂತರೆ ಸಾವನದುರ್ಗ, ಶಿವಗಂಗೆ ಎಲ್ಲ ಒಂದೇ ಸುತ್ತಿನಲ್ಲಿ ಕಾಣುತ್ತವೆ.

ಈ ಪಾಳೆಯಗಾರರಿಗೆ ಕಾಡು ಅಂದರೆ ಕೋಟೆಯ ಹೊರಗಿನ ಇನ್ನೊಂದು ಕೋಟೆ. ಗೋಡೆ ಕಟ್ಟುವುದಕ್ಕಿಂತ ಬಿದಿರು, ಮುಳ್ಳುಪೊದೆ ಬೆಳೆಯಲು ಬಿಡುವುದು ಅಗ್ಗ. ಸಾವನದುರ್ಗದ ಸುತ್ತ ಮೈಲಿಗಟ್ಟಲೆ ದಟ್ಟ ಕಾಡಿತ್ತು, ನಡುನಡುವೆ ಬಿದಿರು ನೆಟ್ಟು ಅದನ್ನು ಇನ್ನಷ್ಟು ದಟ್ಟ ಮಾಡಿದ್ದರು. ಕಾಡು ಉಳಿದದ್ದು ಪರಿಸರ ಪ್ರೇಮದಿಂದ ಅಲ್ಲ, ಶತ್ರುವಿನ ಭಯದಿಂದ. 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದು ಶ್ರೀರಂಗಪಟ್ಟಣದ ಕಡೆ ಹೋಗಿ, ಮೇ ತಿಂಗಳಲ್ಲಿ ಅನ್ನ ಮೇವಿಲ್ಲದೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ವಾಪಸು ಬಂದ. ಬರುವ ದಾರಿಯಲ್ಲಿ ಜೂನ್‌ನಲ್ಲಿ ಹುಲಿಯೂರುದುರ್ಗ ಶರಣಾಯಿತು. ಮತ್ತೆ ಹೊರಡುವ ಮೊದಲು ಬೆನ್ನ ಹಿಂದಿನ ದುರ್ಗಗಳನ್ನೆಲ್ಲ ತೆಗೆಯಬೇಕು, ಇಲ್ಲದಿದ್ದರೆ ಎತ್ತಿನ ಮೇಲೆ ಅಕ್ಕಿ ಹೊತ್ತು ತರುವ ಲಂಬಾಣಿಗಳಿಗೆ ದಾರಿ ಇಲ್ಲ ಅಂತ ತೀರ್ಮಾನ ಆಯಿತು. ಡಿಸೆಂಬರ್ 21ಕ್ಕೆ ಸಾವನದುರ್ಗ ಬಿತ್ತು. ಫಿರಂಗಿ ಎಳೆಯಲು ಕಾಡು ಕಡಿದು ದಾರಿ ಮಾಡಿದ್ದೇ ದೊಡ್ಡ ಯುದ್ಧವಾಗಿತ್ತು. ಮೂರು ದಿನ ಬಿಟ್ಟು, ಡಿಸೆಂಬರ್ 24ಕ್ಕೆ, ಹುತ್ರಿದುರ್ಗ. ದುರ್ಗಗಳಿಗೆ ಬೆಲೆ ಹೋದ ಮೇಲೆ ಅವುಗಳ ಸುತ್ತಲಿನ ಕಾಡನ್ನು ಕಾಯುವ ಕಾರಣವೂ ಹೋಯಿತು. ಕಬ್ಬಿಣ ಕಾಯಿಸುವ ಕುಲುಮೆಗಳಿಗೆ ಇದ್ದಿಲು ಬೇಕಿತ್ತು. ಮಾಗಡಿ, ಮಧುಗಿರಿ ಸೀಮೆಯಲ್ಲಿ ಕಬ್ಬಿಣ ತೆಗೆಯುವುದನ್ನು ಅದೇ ಬುಕನನ್ ನೋಡಿ ವಿವರವಾಗಿ ಬರೆದಿದ್ದಾನೆ.

ಇಲ್ಲೊಂದು ತಮಾಷೆ ಇದೆ. ಆ ಸೈನ್ಯದ ಜೊತೆ ಬಂದಿದ್ದ ಚಿತ್ರಕಾರರು, ನಕ್ಷೆ ಬರೆಯುವವರು ಈ ದುರ್ಗಗಳನ್ನೆಲ್ಲ ಚಿತ್ರ ಬರೆದುಕೊಂಡು ಹೋಗಿ 1790ರ ದಶಕದಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ಮುಂದೆ ಒಂದು ಆಲದ ಮರ, ಕೆಳಗೆ ನಾಲ್ಕು ಜನ ಕೂತಿರುತ್ತಾರೆ, ಹಿಂದೆ ನೀಲಿ ಬೆಟ್ಟ. ಎಷ್ಟು ಪ್ರಶಾಂತ ಅಂದರೆ ವಾರದ ಹಿಂದೆ ಅಲ್ಲಿ ಹೆಣ ಬಿದ್ದಿದ್ದವು ಅಂತ ಯಾರೂ ಊಹಿಸಲಾರರು. ನಮ್ಮ ಗುಡ್ಡಗಳನ್ನು "ಸುಂದರ ದೃಶ್ಯ" ಅಂತ ಅಚ್ಚುಹಾಕಿ ಮಾರಿದ ಮೊದಲಿಗರು ಇವರು. ನಾವು ಈಗ ಮೊಬೈಲಿನಲ್ಲಿ ಚಿತ್ರ ತೆಗೆಯುವಾಗಲೂ ಹುಡುಕುವುದು ಅದೇ ಚೌಕಟ್ಟನ್ನೇ, ಮುಂದೊಂದು ಮರ, ಹಿಂದೊಂದು ಬೆಟ್ಟ.

ಆ ಮುಂದಿನ ಮರದ ವಿಷಯಕ್ಕೆ ಈಗ ಬರುತ್ತೇನೆ. ನಿಜ ಹೇಳಬೇಕೆಂದರೆ ಇಷ್ಟು ಬರೆದದ್ದೂ ಇದಕ್ಕೇ.

ಪ್ರೈಮರಿ ಶಾಲೆಯ ಇತಿಹಾಸದಲ್ಲಿ ಏನು ಮರೆತರೂ ಒಂದು ವಾಕ್ಯ ಯಾರೂ ಮರೆತಿಲ್ಲ, "ಅಶೋಕನು ಸಾಲುಮರಗಳನ್ನು ನೆಡಿಸಿದನು." ಪರೀಕ್ಷೆಯಲ್ಲಿ ಯಾವ ರಾಜನ ಬಗ್ಗೆ ಕೇಳಿದರೂ ನಾವು ಸಾಲುಮರ ನೆಡಿಸಿ, ಕೆರೆ ಬಾವಿ ತೋಡಿಸಿ ಎರಡು ಮಾರ್ಕು ತೆಗೆದುಕೊಂಡವರೇ. ಆದರೆ ಅಶೋಕನ ಮಟ್ಟಿಗೆ ಇದು ಸುಳ್ಳಲ್ಲ. ಅವನ ಏಳನೆಯ ಸ್ತಂಭ ಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಯಲ್ಲಿ ಆಲದ ಮರ ಹಾಕಿಸಿದೆ ಅಂತ ಅವನೇ ಹೇಳುತ್ತಾನೆ. ಹಾಗೆ ಹೇಳಿ, ಇದೇನು ದೊಡ್ಡದಲ್ಲ, ಹಿಂದಿನ ಅರಸರೂ ಮಾಡಿದ್ದಾರೆ ಅಂತ ಸೇರಿಸುತ್ತಾನೆ. ಆ ಭಾಗವನ್ನು ನಮಗೆ ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ! (ನಮ್ಮ ಬ್ರಹ್ಮಗಿರಿ, ಮಸ್ಕಿಯ ಶಾಸನಗಳಲ್ಲಿ ಈ ಮಾತಿಲ್ಲ, ಅದಿರುವ ಕಂಬ ಈಗ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿದೆ.) ನಮ್ಮ ಕಡೆಯ ಹಳ್ಳಿಗಳಿಗೂ ಮರ ನೆಡುವ ಪದ್ಧತಿ ಹೊಸದಲ್ಲ. ಊರ ಹೊರಗೆ ಗುಂಡುತೋಪು, ಅದರಲ್ಲಿ ಹುಣಸೆ, ಮಾವು, ಹಿಪ್ಪೆ, ನೇರಳೆ. ದೂರದಿಂದ ಬಂದ ಗಾಡಿ ಬಿಡುವುದಕ್ಕೆ, ಜಾತ್ರೆಗೆ, ಪಂಚಾಯ್ತಿಗೆ. ಕಂದಾಯದ ಕಾಗದದಲ್ಲಿ ಎಷ್ಟೋ ಗುಂಡುತೋಪು ಇನ್ನೂ ಇವೆ, ಹೋಗಿ ನೋಡಿದರೆ ಅಲ್ಲಿ ಸೈಟು.

ಈಗ ಗುಬ್ಬಿ ತಾಲ್ಲೂಕಿನಲ್ಲಿ 1911ರಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಅಶೋಕನ ವಾಕ್ಯ ಬಾಯಿಪಾಠ ಮಾಡಿದವರೂ ಅಲ್ಲ. ಕಲ್ಲು ಕ್ವಾರಿಯಲ್ಲಿ ಕೂಲಿ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಚಿಕ್ಕಯ್ಯ ಎಂಬುವರಿಗೆ ಕೊಟ್ಟು ಮದುವೆ ಮಾಡಿದರು. ಮಕ್ಕಳಾಗಲಿಲ್ಲ. ಮಕ್ಕಳಾಗದ ಹೆಂಗಸನ್ನು ನಮ್ಮ ಹಳ್ಳಿಗಳು ಹೇಗೆ ನಡೆಸಿಕೊಳ್ಳುತ್ತವೆ ಅಂತ ನಾನು ಹೇಳಬೇಕಾಗಿಲ್ಲ, ಹಬ್ಬದ ದಿನ ಕುಂಕುಮಕ್ಕೂ ಕರೆಯುವುದಿಲ್ಲ. ಈ ಗಂಡ ಹೆಂಡತಿ ಮಾಡಿದ್ದು ಏನಂದರೆ, ಊರಿನ ಸುತ್ತ ಬೇಕಾದಷ್ಟಿದ್ದ ಆಲದ ಮರಗಳಿಂದ ಸಸಿ ಮಾಡಿಕೊಂಡು ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಗೆ ನೆಟ್ಟರು. ಮೊದಲ ವರ್ಷ ಹತ್ತು, ಎರಡನೇ ವರ್ಷ ಹದಿನೈದು, ಮೂರನೇ ವರ್ಷ ಇಪ್ಪತ್ತು. ಹಾಗೆ ಸುಮಾರು 4 ಕಿಲೋಮೀಟರ್, 385 ಆಲ.

ಸಾಲುಮರದ ತಿಮ್ಮಕ್ಕನ ಕಥೆ ನಿಮಗೆಲ್ಲ ಗೊತ್ತು, ಪಠ್ಯದಲ್ಲೂ ಬಂದಿದೆ. ನಾನು ಅದನ್ನು ನಡೆಯುತ್ತಾ ಲೆಕ್ಕ ಹಾಕಿದ್ದನ್ನು ಮಾತ್ರ ಹೇಳುತ್ತೇನೆ. ರಸ್ತೆಯ ಎರಡೂ ಬದಿಗೆ ಹಂಚಿದರೆ ಒಂದೊಂದು ಬದಿಗೆ ಇನ್ನೂರಕ್ಕೆ ಸ್ವಲ್ಪ ಕಡಿಮೆ. ಅಂದರೆ ಸುಮಾರು ಇಪ್ಪತ್ತು ಮೀಟರಿಗೆ ಒಂದು ಮರ. ದೊಡ್ಡ ಹೆಜ್ಜೆಯಲ್ಲಿ ಇಪ್ಪತ್ತೈದು, ಮೂವತ್ತು. ಈಗ ಇದನ್ನು ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಯೋಚಿಸಿ. ಮಳೆಗಾಲದಲ್ಲಿ ನೆಟ್ಟರೆ ಬೇರು ಹಿಡಿಯುತ್ತದೆ ಸರಿ, ಮುಂದಿನ ಸಂಕ್ರಾಂತಿ ಆದ ಮೇಲೆ ಈ ಸೀಮೆಯಲ್ಲಿ ನೀರು ಎಲ್ಲಿದೆ? ನೀರು ಇದ್ದ ಕಡೆಯಿಂದ ಕಿಲೋಮೀಟರುಗಟ್ಟಲೆ ಹೊತ್ತು ತಂದು ಹಾಕಿದರು. ದನ ಮೇಯದ ಹಾಗೆ ಸುತ್ತ ಮುಳ್ಳು ಕಟ್ಟಿದರು. ಒಂದು ಬೇಸಿಗೆ ಅಲ್ಲ, ಪ್ರತಿ ಹೊಸ ಸಾಲಿಗೂ ಮತ್ತೆ ಮೊದಲಿನಿಂದ. ಕೂಲಿಯವರು ಮಾಡಿದ ಈ ಬಿಟ್ಟಿ ಕೂಲಿಯನ್ನು ಯಾವ ಮಸ್ಟರ್ ರೋಲಿನಲ್ಲೂ ಬರೆದಿಲ್ಲ.

ಆಲವನ್ನೇ ಯಾಕೆ ಆರಿಸಿದರು ಅನ್ನುವುದೂ ಮುಖ್ಯ. ಹಲಸೋ ಮಾವೋ ನೆಟ್ಟಿದ್ದರೆ ಹಣ್ಣು ಯಾರದು, ಹರಾಜು ಯಾರದು ಅಂತ ಜಗಳ ಬರುತ್ತಿತ್ತು. ತೇಗವಾದರೆ ಕಳ್ಳರು. ಆಲದ ಮರದಿಂದ ಮನುಷ್ಯನಿಗೆ ನೆರಳು ಬಿಟ್ಟು ಹೆಚ್ಚಿನ ಲಾಭ ಏನೂ ಇಲ್ಲ. ಮರಮುಟ್ಟಿಗೆ ಬಾರದು. ಹಣ್ಣು ಹಕ್ಕಿಗೆ, ಬಾವಲಿಗೆ. ಜನ ಅದನ್ನು ಕಡಿಯಲು ಹೆದರುತ್ತಾರೆ, ದೇವರ ಮರ ಅಂತ. ಬದುಕಿ ಉಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೇನಿದೆ? ಅವರು ಹೀಗೆಲ್ಲ ತರ್ಕ ಮಾಡಿದ್ದರು ಅಂತ ನಾನು ಹೇಳುತ್ತಿಲ್ಲ. ಊರ ಹತ್ತಿರ ಇದ್ದದ್ದು ಅದೇ, ಅದನ್ನೇ ನೆಟ್ಟರು. ಆದರೆ ಪರಿಣಾಮ ಹಾಗಾಯಿತು.

ಚಿಕ್ಕಯ್ಯ 1991ರಲ್ಲಿ ತೀರಿಕೊಂಡರು. ಹೊರಗಿನ ಪ್ರಪಂಚಕ್ಕೆ ಈ ಮರಗಳ ವಿಷಯ ಗೊತ್ತಾದದ್ದು ಆಮೇಲೆ. 1990ರ ದಶಕದಲ್ಲಿ ರಾಷ್ಟ್ರ ಮಟ್ಟದ ಪ್ರಶಸ್ತಿಗಳು ಬಂದವು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಪರಿಸರ ಶಿಕ್ಷಣ ಸಂಸ್ಥೆ ತಿಮ್ಮಕ್ಕನ ಹೆಸರನ್ನೇ ಇಟ್ಟುಕೊಂಡಿತು, 2010ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ, 2019ರಲ್ಲಿ ಪದ್ಮಶ್ರೀ. ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ತೆಗೆದುಕೊಳ್ಳುವಾಗ ಅಜ್ಜಿ ರಾಷ್ಟ್ರಪತಿ ಕೋವಿಂದರ ಹಣೆ ಮುಟ್ಟಿ ಆಶೀರ್ವಾದ ಮಾಡಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ಪ್ರೋಟೋಕಾಲ್ ಏನು ಹೇಳುತ್ತದೋ ಗೊತ್ತಿಲ್ಲ, ನಮ್ಮ ಕಡೆ ಯಾವ ಅಜ್ಜಿಯೂ ಅದನ್ನೇ ಮಾಡುತ್ತಾಳೆ.

ಅದೇ 2019ರಲ್ಲೇ, ಪದ್ಮಶ್ರೀಯ ಬಿಸಿ ಆರುವ ಮೊದಲೇ, ಬಾಗೇಪಲ್ಲಿ-ಹಲಗೂರು ರಸ್ತೆ ಅಗಲ ಮಾಡುವ ಯೋಜನೆಯಲ್ಲಿ ಇದೇ ಮರಗಳಿಗೆ ಕೊಡಲಿ ಬೀಳುವ ಪ್ರಸಂಗ ಬಂತು. ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರಿಗೆ ತಿಮ್ಮಕ್ಕನೇ ಮನವಿ ಮಾಡಬೇಕಾಯಿತು. ಮರ ಉಳಿಸಿಕೊಂಡು ಬೇರೆ ದಾರಿ ನೋಡುವುದಾಗಿ ಸರ್ಕಾರ ತೀರ್ಮಾನಿಸಿತು. ಒಳ್ಳೆಯದೇ. ಆದರೆ ಒಂದು ಮಾತು ನನ್ನನ್ನು ಕೊರೆಯುತ್ತಲೇ ಇದೆ. ಆ ನಕ್ಷೆ ಬರೆದ ಮೇಜಿನ ಮೇಲೆ ಈ ಮರಗಳು ಯಾರ ಮರಗಳು ಅಂತ ಗೊತ್ತಿರದಿರಲು ಸಾಧ್ಯವೇ ಇರಲಿಲ್ಲ. ಇಡೀ ದೇಶಕ್ಕೆ ಗೊತ್ತಿದ್ದ ಮರಗಳಿಗೇ ಹೀಗಾದರೆ, ನಮ್ಮ ನಿಮ್ಮ ಊರಿನ ರಸ್ತೆಯ ಹೆಸರಿಲ್ಲದ ಹುಣಸೆ ಮರಗಳ ಪರವಾಗಿ ವಿಧಾನಸೌಧಕ್ಕೆ ಹೋಗುವವರು ಯಾರು? ಬೆಂಗಳೂರು-ತುಮಕೂರು ಹೆದ್ದಾರಿ ಅಗಲವಾಗುತ್ತಾ ಹೋದ ಹಾಗೆ ಎರಡೂ ಬದಿಯ ಹಳೇ ಮರಗಳು ಹೋದವು. ಹೋದದ್ದು ಎಷ್ಟು ಅಂತ ಯಾರಾದರೂ ಲೆಕ್ಕ ಇಟ್ಟಿದ್ದರೆ ನನಗೆ ಕಾಮೆಂಟಿನಲ್ಲಿ ತಿಳಿಸಿ, ನಿಜವಾಗಿಯೂ ಬೇಕು.

2025ರ ನವೆಂಬರ್ 14ರಂದು ತಿಮ್ಮಕ್ಕ ಬೆಂಗಳೂರಿನಲ್ಲಿ ತೀರಿಕೊಂಡರು, 114 ವರ್ಷ. ಮಕ್ಕಳ ದಿನಾಚರಣೆಯ ದಿನ. ಮರಗಳನ್ನೇ ಮಕ್ಕಳು ಅಂದವರು ಅಂತ ಪತ್ರಿಕೆಗಳೆಲ್ಲ ಬರೆದವು.

ಅದಾದ ಮೇಲೆ ನಾನು ಒಮ್ಮೆ ಆ ರಸ್ತೆಯಲ್ಲಿ ನಡೆದೆ. ಕುದೂರಿನ ಕಡೆಯಿಂದ ಹೊರಟು, ಮಧ್ಯೆ ಒಂದು ಮರದ ಕೆಳಗೆ ಕುರಿ ಬಿಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರ ಹತ್ತಿರ ನಿಂತೆ.

"ಏನ್ ಸ್ವಾಮಿ, ಮರ ನೋಡಕ್ಕೆ ಬಂದ್ರಾ?" ಅಂದರು.

"ಹೂಂ ಯಜಮಾನ್ರೇ."

"ನೋಡಿ ನೋಡಿ. ಬಿಸ್ಲಲ್ಲಿ ಬಂದ್ರಲ್ಲ, ಒಳ್ಳೇದಾತು. ಮೋಡದ್ ದಿನ ಬಂದ್ರೆ ಇದ್ರ ಬೆಲೆ ಗೊತ್ತಾಗಕಿಲ್ಲ."

ಅಲ್ಲಿ ಕೂತು ಮೇಲೆ ನೋಡಿದಾಗ ಒಂದು ವಿಷಯ ಗಮನಕ್ಕೆ ಬಂತು. ಈ ಆಲಗಳಿಗೆ ರಾಮೋಹಳ್ಳಿಯ ದೊಡ್ಡ ಆಲದ ಮರಕ್ಕೆ ಇರುವ ಹಾಗೆ ಬಿಳಲಿನ ಕಂಬಗಳಿಲ್ಲ. ಆ ಮರ ಬಿಳಲು ಊರಿ ಊರಿ ಸುಮಾರು ಮೂರು ಎಕರೆ ಹಬ್ಬಿದೆ, ನಡುವಿನ ತಾಯಿ ಕಾಂಡ ರೋಗ ಬಂದು ಹೋದರೂ ಬಿಳಲುಗಳ ಮೇಲೆಯೇ ಬದುಕಿದೆ. ರಸ್ತೆ ಬದಿಯ ಆಲಕ್ಕೆ ಆ ಭಾಗ್ಯ ಇಲ್ಲ. ಬಸ್ಸು ಲಾರಿಗೆ ತಾಗುತ್ತದೆ ಅಂತ ಒಂದು ಕಡೆ ಸವರುತ್ತಾರೆ, ಹೊಲಕ್ಕೆ ನೆರಳಾಗುತ್ತದೆ ಅಂತ ಇನ್ನೊಂದು ಕಡೆ. ಹೀಗಾಗಿ ಒಂಟಿ ಕಾಲಿನ ಮೇಲೆ ನಿಂತ ಆಲಗಳು ಇವು. ಎಪ್ಪತ್ತು ವರ್ಷ ದಾಟಿದ ಮರ ಆಲದ ಲೆಕ್ಕದಲ್ಲಿ ಇನ್ನೂ ಹುಡುಗ. ಊರುಗೋಲು ಊರಲು ಬಿಟ್ಟರೆ ಇನ್ನು ಮುನ್ನೂರು ವರ್ಷ ಇರಬಲ್ಲವು. ಇಲಾಖೆಯವರು ಹೊಲದ ಬದಿಗಾದರೂ ಒಂದೊಂದು ಬಿಳಲು ನೆಲ ಮುಟ್ಟಲು ಬಿಡಬಹುದು, ಇದಕ್ಕೆ ಬಜೆಟ್ಟೇನೂ ಬೇಕಾಗಿಲ್ಲ.

ಹೋಗುವವರಿಗೆ ಎರಡು ಮಾತು. ದೇವರಾಯನದುರ್ಗಕ್ಕೆ, ಹುತ್ರಿದುರ್ಗಕ್ಕೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ, ಕತ್ತಲಾಗುವ ಮೊದಲು ಇಳಿದುಬಿಡಿ, ಚಿರತೆ ಕರಡಿಯ ಮಾತು ಉತ್ಪ್ರೇಕ್ಷೆಯಲ್ಲ. ನಾಮದ ಚಿಲುಮೆಯಲ್ಲಿ ಕೋತಿಗಳಿಂದ ಕೈಚೀಲ ಜೋಪಾನ. ಕುದೂರು-ಹುಲಿಕಲ್ ರಸ್ತೆಗೆ ಮಾತ್ರ ಇದರ ಉಲ್ಟಾ. ಆ ಕುರಿ ಕಾಯುವ ಯಜಮಾನರು ಹೇಳಿದ ಹಾಗೆ ಏಪ್ರಿಲ್ ತಿಂಗಳ ನಡು ಮಧ್ಯಾಹ್ನ ಹೋಗಿ. ಕಾರು ಕುದೂರಿನಲ್ಲೇ ಬಿಟ್ಟು ನಡೆಯಿರಿ. ಮೇಲೆ ಹಣ್ಣಿದ್ದರೆ ಹಕ್ಕಿಗಳ ಗಲಾಟೆ ಇರುತ್ತದೆ. ಬಿಳಿ ಅಂಗಿ ಬೇಡ.